ಕೋಡುಬಳೆ ಡಬ್ಬಿಯೊಳಗಿನ ಒಂದು ವರ್ಷ

ಬೆಳಿಗ್ಗೆ ಆರೂವರೆ. ಕಿಟಕಿಯಾಚೆ ಕಾಣ್ತಿರೋದು ಪಕ್ಕದ ಮನೆಯ ನೀರಿನ ಟ್ಯಾಂಕು. ಚಾಮುಂಡಿ ಬೆಟ್ಟ ಕಾಣೋ ಮನೆಗೆ ಬಾಡಿಗೆ ನಾಲ್ಕು ಸಾವಿರ ಜಾಸ್ತಿ ಕೇಳಿದ್ರು, ಬೇಡ ಅಂದೆ.

ಇವತ್ತಿನ ವಿಡಿಯೋದಲ್ಲಿ ಬಣ್ಣ ಮುಟ್ಟಲ್ಲ. ಮಾರ್ಚ್ ಕೊನೇ ವಾರ ಇದು, ಲೆಕ್ಕದ ವಾರ. ಈ ಡಬ್ಬಿ ನೋಡಿ. ದೀಪಾವಳಿಗೆ ಅಮ್ಮ ಕೋಡುಬಳೆ ತುಂಬಿ ಕಳಿಸಿದ್ದು. ಖಾಲಿಯಾದ ದಿನದಿಂದ ಇದು ನನ್ನ ಆಫೀಸು. ಪೇಪರ್ ಬಿಲ್ಲು, ಫ್ರೇಮ್ ಅಂಗಡಿ ಚೀಟಿ, ಬಸ್ ಟಿಕೆಟ್, ಕೊರಿಯರ್ ರಸೀದಿ, ಎಲ್ಲಾ ಇದರೊಳಗೆ. ಇನ್ನೂ ಸ್ವಲ್ಪ ಇಂಗಿನ ವಾಸನೆ ಇದೆ. ನಮ್ಮ ಆಡಿಟರ್ ಒಂದ್ಸಲ ಬಿಲ್ ಮೂಸಿ ನೋಡಿ ನನ್ನ ಮುಖ ನೋಡಿದ್ರು.

ಹೊಸಬರಿಗೆ ಹೇಳಿಬಿಡ್ತೀನಿ, ನಾನು ಮೈಸೂರಲ್ಲಿ ಹಳೇ ಮನೆಗಳ ಚಿತ್ರ ಬಿಡಿಸ್ತೀನಿ, ಜಲವರ್ಣದಲ್ಲಿ. ಸಂಬಳ ಕೊಡೋರು ಯಾರೂ ಇಲ್ಲ, ಆರು ವರ್ಷದಿಂದ. ಬಾಡಿಗೆ ಮನೆ ಹುಡುಕುವಾಗ ಓನರ್ ಆಂಟಿ ಏನ್ ಕೆಲಸಮ್ಮ ಅಂದ್ರು. ಆರ್ಟಿಸ್ಟ್ ಅಂದೆ. "ಯಾವ ಸೀರಿಯಲ್‌ನಲ್ಲಿ?" ಅಂದ್ರು. ಆಮೇಲಿಂದ ಡ್ರಾಯಿಂಗ್ ಮಿಸ್ ಅಂತಲೇ ಹೇಳ್ಕೊಳ್ಳೋದು. ಸುಳ್ಳೂ ಅಲ್ಲ. ಶನಿವಾರ, ಭಾನುವಾರ ಹದಿನಾಲ್ಕು ಮಕ್ಕಳು ಬರ್ತಾರೆ, ತಿಂಗಳಿಗೆ 900 ರೂಪಾಯಿ. ಅರ್ಧ ಮಕ್ಕಳು ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಅಂತ, ಇನ್ನರ್ಧ ಅವರಮ್ಮಂದಿರಿಗೆ ಎರಡು ಗಂಟೆ ನೆಮ್ಮದಿ ಸಿಗ್ಲಿ ಅಂತ. ಮನೆ ಬಾಡಿಗೆ ಕಟ್ಟೋದು ಈ ಮಕ್ಕಳೇ.

ಈಗ ಈ ಹಳೇ ನೋಟ್‌ಬುಕ್ ತೋರಿಸ್ತೀನಿ. ಇದು ಮೊದಲನೇ ವರ್ಷದ್ದು. ಮೊದಲನೇ ಸಾಲು: ಸರಸ್ವತಿಪುರಂ ಮನೆ, 1,500 ರೂಪಾಯಿ, ಫ್ರೇಮ್ ಸೇರಿ. ಸೇರಿ! ಫ್ರೇಮಿಗೇ 1,100 ಆಯ್ತು. ಪೇಪರು, ಆಟೋ ಕಳೆದು ನಾಲ್ಕು ದಿನದ ಕೆಲಸಕ್ಕೆ ಕೈಯಲ್ಲಿ ಉಳಿದಿದ್ದು ನೂರು ಚಿಲ್ಲರೆ. ಅವರು ಹೆಚ್ಚು ಕೊಡಲ್ಲ ಅಂದಿರ್ಲಿಲ್ಲ. ಎಷ್ಟಾಗತ್ತೆ ಅಂತ ಕೇಳಿದ್ರು, "ನೀವೇ ಏನಾದ್ರೂ ಕೊಡಿ ಅಂಕಲ್" ಅಂದಿದ್ದು ನಾನು. ಐದು ವರ್ಷ ಕಾಲೇಜಲ್ಲಿ ದೇಹರಚನೆ, ನೆರಳು ಬೆಳಕು, ದೂರ ಹತ್ತಿರ ಎಲ್ಲಾ ಕಲ್ತೆ. ಒಂದು ಬೆಲೆ ಹೇಳಿ ಬಾಯಿ ಮುಚ್ಕೊಂಡು ಕೂರೋದನ್ನ ಯಾರೂ ಕಲಿಸ್ಲಿಲ್ಲ. ಈಗ ಅದೇ ಅಳತೆಗೆ 14,000, ಫ್ರೇಮ್ ಬೇರೆ. ಹೇಳುವಾಗ ಇವತ್ತಿಗೂ ಕಿವಿ ಬಿಸಿ ಆಗತ್ತೆ.

ಚಹಾ ಮಾಡ್ಕೊಂಡು ಬಂದೆ.

ಈ ಪುಟದ ಪಕ್ಕ ಕೆಂಪು ಪೆನ್ನಲ್ಲಿ ಗೆರೆ ಎಳೆದಿದೀನಿ. ಅದೊಂದು ತೊಟ್ಟಿ ಮನೆ. ಅಣ್ಣತಮ್ಮಂದಿರು ಮೂರು ಜನ, ಪಾಲಾಗಿ ಮನೆ ಬಿಲ್ಡರ್‌ಗೆ ಹೋಗಿತ್ತು. ಕೆಡವೋಕೆ ಮುಂಚೆ ಚಿತ್ರ ಬೇಕು ಅಂತ ದೊಡ್ಡವರು ಬಂದ್ರು. ಹನ್ನೊಂದು ದಿನ ಆ ಜಗಲಿ ಮೇಲೆ ಕೂತು ಬಿಡಿಸಿದೆ. ಒಳಗೆ ಪಾತ್ರೆ ಹಂಚ್ಕೊಳ್ಳೋ ಸದ್ದು, ಹೊರಗೆ ನಾನು ಹೆಂಚು ಎಣಿಸ್ತಿದ್ದೆ. ಚಿತ್ರ ಕೊಟ್ಟೆ, ದುಡ್ಡು ಬಂತು, ಎಲ್ಲಾ ಚೆನ್ನಾಗೇ ಆಯ್ತು. ಆರು ತಿಂಗಳ ಮೇಲೆ ಯಾರೋ ವಾಟ್ಸಾಪಲ್ಲಿ ಅದೇ ದೊಡ್ಡವರ ಗೃಹಪ್ರವೇಶದ ಕರೆಯೋಲೆ ಕಳಿಸಿದ್ರು. ಮುಖಪುಟದಲ್ಲಿ ನನ್ನ ಚಿತ್ರ. ಊಟದ ಮನೆಯಲ್ಲಿ ಕೊಟ್ಟ ತಾಂಬೂಲದ ಚೀಲದ ಮೇಲೂ ಅದೇ. ನನ್ನ ಸಹಿ ಇದ್ದ ಮೂಲೆಯನ್ನ ಮಾತ್ರ ಕತ್ತರಿಸಿದ್ರು.

ಸಿಟ್ಟು ಬಂತು. ಗೊತ್ತಿರೋ ವಕೀಲರೊಬ್ಬರ ಹತ್ರ ಓಡಿದೆ. ಅವರು ನಕ್ಕು 1957ರ ಕಾಪಿರೈಟ್ ಕಾಯ್ದೆ ತೆಗೆದು 17ನೇ ಸೆಕ್ಷನ್ ಓದಿಸಿದ್ರು. ಒಬ್ಬರು ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದೇ ಇದ್ರೆ, ಬರೆಸಿದವರದ್ದೇ! ಬರೆದವರದ್ದಲ್ಲ. ನಾನು ಇಷ್ಟು ದಿನ ಉಲ್ಟಾ ತಿಳ್ಕೊಂಡಿದ್ದೆ, ನನ್ನ ಜೊತೆ ಓದಿದವರಲ್ಲೂ ಮುಕ್ಕಾಲು ಜನ ಉಲ್ಟಾನೇ ತಿಳ್ಕೊಂಡಿದಾರೆ. ಅಂದ್ರೆ ಕರೆಯೋಲೆ ಮಟ್ಟಿಗೆ ಅವರ ತಪ್ಪು ಹುಡುಕೋಕೆ ಹೊರಟ ನಾನೇ ದಡ್ಡಿ. ಸಹಿ ಕತ್ತರಿಸಿದ್ದು ಮಾತ್ರ ನನಗಿನ್ನೂ ನುಂಗೋಕಾಗಿಲ್ಲ. ಈಗ ಅಡ್ವಾನ್ಸ್ ತಗೊಳ್ಳೋಕೆ ಮುಂಚೆ ಒಂದು ಹಾಳೆ ಕೊಡ್ತೀನಿ, ಕನ್ನಡದಲ್ಲೇ, ನಾಲ್ಕೇ ಸಾಲು: ಚಿತ್ರ ನಿಮ್ಮದು, ಹಕ್ಕು ನನ್ನದು, ಅಚ್ಚು ಹಾಕಿಸೋದಾದ್ರೆ ಕೇಳಿ. ಇಬ್ಬರ ಸಹಿ. ಇದುವರೆಗೆ ಒಬ್ಬರೇ ಬೇಡ ಅಂದಿರೋದು.

ಅದರಿಂದ ಇನ್ನೊಂದು ಹೊಳೀತು. ಮೂರು ಜನ ಅಣ್ಣತಮ್ಮಂದಿರಿಗೂ ಆ ಮನೆ ಬೇಕಿತ್ತಲ್ಲ, ಮೂಲ ಚಿತ್ರ ಒಂದೇ ಗೋಡೆಗೆ. ಹಂಗಾದ್ರೆ ಪ್ರಿಂಟ್ ಯಾಕೆ ಮಾರ್ಬಾರ್ದು? ಹೊಸ ಯೋಚನೆ ಏನಲ್ಲ ಬಿಡಿ. ಇಲ್ಲೇ ಜಗನ್ಮೋಹನ ಅರಮನೆಯಲ್ಲಿ ಮೂಲ ಚಿತ್ರಗಳನ್ನ ನೋಡ್ತೀವಲ್ಲ, ಆ ರವಿವರ್ಮ 1894ರಲ್ಲೇ ಮುಂಬೈಯಲ್ಲಿ ಪ್ರೆಸ್ ಹಾಕಿದ್ರು. ನಮ್ಮಜ್ಜಿ ದೇವರಮನೆಯ ಲಕ್ಷ್ಮಿ, ಸರಸ್ವತಿಯ ರೂಪ ಬಂದಿದ್ದು ಆ ದಾರೀಲೇ. ಆದ್ರೆ ಆ ಪ್ರೆಸ್ ಅವರಿಗೆ ಸಾಲ ತಂದಿಟ್ಟು, ಕೊನೆಗೆ ಒಬ್ಬ ಜರ್ಮನ್ ತಂತ್ರಜ್ಞನಿಗೆ ಮಾರಬೇಕಾಯ್ತು. ಇದನ್ನ ನಮ್ಮಪ್ಪಂಗೆ ಹೇಳ್ಬಾರ್ದಿತ್ತು. "ರವಿವರ್ಮಂಗೇ ಗಿಟ್ಟಲಿಲ್ಲ ಅಂದ್ಮೇಲೆ" ಅಂತ ಈಗ ಹಬ್ಬಕ್ಕೊಂದ್ಸಲ ಶುರು ಮಾಡ್ತಾರೆ.

ಇದು ಚಿತ್ರಸಂತೆ ಬಿಲ್ಲುಗಳು. ಬೆಂಗಳೂರಲ್ಲಿ ಚಿತ್ರಕಲಾ ಪರಿಷತ್ತು ವರ್ಷಾವರ್ಷ ನಡೆಸತ್ತೆ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರಗಳದ್ದೇ. ಹದಿನೆಂಟು ಚಿತ್ರ ಹೊತ್ಕೊಂಡು ಹೋದೆ. ಮಾರಿದ್ದು ಎರಡು. "ತುಂಬಾ ಚೆನ್ನಾಗಿದೆ, ನಮ್ಮ ಮಗಳೂ ಬಿಡಿಸ್ತಾಳೆ" ಅಂದವರು ಲೆಕ್ಕಕ್ಕಿಲ್ಲ. ಮಧ್ಯಾಹ್ನ ಎರಡಕ್ಕೆ ಮರದ ನೆರಳು ಆಚೆ ಸರಿದು ಬಿಸಿಲೆಲ್ಲಾ ನನ್ನ ಮೇಲೇ. ಆದ್ರೆ ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟು 50 ರೂಪಾಯಿಗೆ ಇಟ್ಟಿದ್ದೆ, 140 ಹೋಯ್ತು. ಅದರ ಹಿಂದೆ ನನ್ನ ನಂಬರ್ ಇತ್ತು. ಫೆಬ್ರವರಿಯಲ್ಲಿ ಮೂರು ಮನೆ ಚಿತ್ರದ ಆರ್ಡರ್ ಬಂದಿದ್ದು ಆ ಹಿಂಬದಿಯಿಂದ.

ಇನ್ನು ಈ ಹಸಿರು ಫೈಲು. ಒಂದು ಹೋಟೆಲ್‌ನ ಗೋಡೆ ಚಿತ್ರ, ಹೆಸರು ಬೇಡ. 1,20,000ಕ್ಕೆ ಮಾತು, ಅರ್ಧ ಅಡ್ವಾನ್ಸ್. ಉಳಿದ 60,000ಕ್ಕೆ ಏಳು ತಿಂಗಳು ಫೋನ್ ಮಾಡಿದೆ. ಸಾರ್ ಊರಲ್ಲಿಲ್ಲ, ಸಾರ್ ಮೀಟಿಂಗಲ್ಲಿದಾರೆ, ಸಾರ್ ತಿರುಪತಿಗೆ ಹೋಗಿದಾರೆ. ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸೋ ಉದ್ಯಮ್ ನೋಂದಣಿ ಅಂತ ಒಂದಿದೆ, ಫ್ರೀ, ಆನ್‌ಲೈನ್‌ನಲ್ಲಿ ಆಗತ್ತೆ, ನಮ್ಮಂಥ ಸಣ್ಣವರಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನಿದೆ ಅಂತ ಆಡಿಟರ್ ಹೇಳಿದ್ದು ಆವಾಗ. ಕೆಲಸ ಮುಗಿದ ಮೇಲೆ ಮಾಡಿಸಿದ್ದಕ್ಕೆ ಆ ಬಾಕಿಗೆ ಅದು ಉಪಯೋಗಕ್ಕೆ ಬರ್ಲಿಲ್ಲ. 25,000 ಬಂತು, ಮಿಕ್ಕಿದ್ದು ಗೋಡೆ ಮೇಲೇ ಇದೆ. ಈಗ ಪ್ರತಿ ಬಿಲ್ ಮೇಲೂ ಉದ್ಯಮ್ ನಂಬರ್ ಹಾಕ್ತೀನಿ. 2023ರ ಬಜೆಟ್‌ನಲ್ಲಿ ಇನ್ನೊಂದು ನಿಯಮ ಸೇರಿಸಿದ್ರು: ಇಂಥ ಬಿಲ್‌ಗಳನ್ನ ವಾಯಿದೆಯೊಳಗೆ ತೀರಿಸದೇ ಇದ್ರೆ, ನಿಜವಾಗಿ ಕೊಡೋವರೆಗೂ ಅದನ್ನ ಕಂಪನಿ ತನ್ನ ತೆರಿಗೆ ಲೆಕ್ಕದ ಖರ್ಚಲ್ಲಿ ತೋರಿಸಂಗಿಲ್ಲ. ಹಾಗಾಗಿ ಮಾರ್ಚಲ್ಲಿ ಅಕೌಂಟ್ಸ್ ವಿಭಾಗದವರು ತಾವಾಗೇ ಫೋನ್ ಮಾಡಿ, "ಮೇಡಂ, ನಿಮ್ಮ ಬಾಕಿ ಏನಾದ್ರೂ ಇದ್ಯಾ?" ಅಂತಾರೆ. ಮೊದಲನೇ ಸಲ ಯಾರೋ ತಮಾಷೆ ಮಾಡ್ತಿದಾರೆ ಅಂದ್ಕೊಂಡೆ.

ಟಿಡಿಎಸ್ ಬಗ್ಗೆ ಕಾಮೆಂಟಲ್ಲಿ ಕೇಳ್ತಾನೇ ಇರ್ತೀರ. ಕಂಪನಿಗಳು ನನ್ನ ಬಿಲ್‌ನಲ್ಲಿ ಶೇ. 10 ಆದಾಯ ತೆರಿಗೆ ಅಂತ ಮೊದಲೇ ಹಿಡ್ಕೊಂಡು ಸರ್ಕಾರಕ್ಕೆ ಕಟ್ತಾರೆ. ಅದು ಹೋದ ದುಡ್ಡಲ್ಲ. ರಿಟರ್ನ್ಸ್ ಹಾಕಿದ್ರೆ, ಕಟ್ಟಬೇಕಾದ ತೆರಿಗೆಗಿಂತ ಹೆಚ್ಚು ಹಿಡಿದಿದ್ದು ವಾಪಸ್ ಬರತ್ತೆ, ಹಾಕದೇ ಇದ್ರೆ ಹೋಯ್ತು. ಮೊದಲೆರಡು ವರ್ಷ ನಾನು ಹಾಕಿರ್ಲಿಲ್ಲ, ಮುಂದಕ್ಕೆ ಹೋಗೋಣ.

ಕೂಡಿದ್ದಾಯ್ತು. ಈ ವರ್ಷ ಬಂದಿದ್ದು 5,64,000. ಖರ್ಚು 1,71,000. ಉಳಿದಿದ್ದನ್ನ ಹನ್ನೆರಡಕ್ಕೆ ಭಾಗಿಸಿದ್ರೆ ತಿಂಗಳಿಗೆ 32,750. ಭಾಗಿಸೋದು ಪುಸ್ತಕದಲ್ಲಿ ಮಾತ್ರ. ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಮದುವೆ ಇಲ್ಲ, ಹಾಗಾಗಿ ನನಗೂ ಆರ್ಡರ್ ಇಲ್ಲ. ಮೇಲಿಂದ ಆ ತೇವಕ್ಕೆ ಹಾಕಿದ ಬಣ್ಣ ಒಣಗೋದೂ ಇಲ್ಲ. ಪಿತೃಪಕ್ಷದಲ್ಲಿ ಮತ್ತೆ ಅದೇ ಕಥೆ. ಅದಕ್ಕೇ ವೈಶಾಖದ ದುಡ್ಡನ್ನ ಬೇರೆ ಖಾತೆಗೆ ಹಾಕಿ, ಆ ಕಾರ್ಡನ್ನ ಅಮ್ಮನ ಕೈಗೆ ಕೊಟ್ಟಿದೀನಿ.

ಒಂದ್ನಿಮಿಷ, ಫೋನು. ರೆಕಾರ್ಡಿಂಗ್ ಹಾಗೇ ಇರ್ಲಿ, ಆ ಕಡೆಯ ದನಿ ನಿಮಗೆ ಕೇಳಿಸಲ್ಲ, ನಾನೇ ಹೇಳ್ತೀನಿ. ನಂಜನಗೂಡಿನಿಂದ ಒಬ್ಬರು ಅಜ್ಜಿ. ಅವರ ತೌರುಮನೆ ಈಗಿಲ್ಲ, ಬಿದ್ದು ಇಪ್ಪತ್ತು ವರ್ಷ ಆಯ್ತಂತೆ. ಒಂದು ಮಸುಕು ಫೋಟೋ ಇದೆ, ಅದರಲ್ಲಿ ಅರ್ಧ ಬಾಗಿಲು ಮಾತ್ರ ಕಾಣತ್ತೆ. ಉಳಿದಿದ್ದು ನಾನು ಬಾಯಲ್ಲಿ ಹೇಳ್ತೀನಿ, ಬಿಡಿಸ್ತೀಯಾ ಅಂದ್ರು. ಬಿಡಿಸ್ತೀನಿ ಅಂದೆ. ಎಷ್ಟಾಗತ್ತಮ್ಮ ಅಂದ್ರು.

ಹದಿನಾಲ್ಕು ಸಾವಿರ ಆಗತ್ತೆ ಅಜ್ಜಿ, ಫ್ರೇಮ್ ಬೇರೆ ಅಂದೆ. ಅಂದು ಸುಮ್ನಾದೆ.

ಆ ಕಡೆಯಿಂದ ಮಾತಿಲ್ಲ. ಎಲ್ಲೋ ಕುಕ್ಕರ್ ಕೂಗಿದ್ದು ಕೇಳಿಸ್ತು. ಕಡಿಮೆ ಮಾಡ್ಕೊಳ್ಳೋಣ ಬಿಡಿ ಅಂತ ನನ್ನ ನಾಲಿಗೆ ತುದಿಗೇ ಬಂದಿತ್ತು, ಆಣೆ ಮಾಡಿ ಹೇಳ್ತೀನಿ.

"ಬಾಗಿಲ ಎಡಗಡೆ ಒಂದು ಪಾರಿಜಾತ ಇತ್ತು ಕಣೇ" ಅಂದ್ರು. "ಫೋಟೋದಲ್ಲಿಲ್ಲ. ಅದನ್ನೂ ಹಾಕ್ತೀಯಲ್ಲ?"