ಉದ್ದ ಫಿನ್ ಹಾಕಿಕೊಂಡು ನೇತ್ರಾಣಿಯಲ್ಲಿ ಸ್ಕೂಬಾ

ಈ ಕ್ಲಿಪ್ ಸ್ವಲ್ಪ ಗಮನ ಇಟ್ಟು ನೋಡಿ. ಮುಂದೆ ಹೋಗುತ್ತಿರುವುದು ನಾನು. ನನ್ನ ಎಡಗಾಲಿನ ಫಿನ್, ಅಂದರೆ ಈಜಲು ಪಾದಕ್ಕೆ ಹಾಕಿಕೊಳ್ಳುವ ರೆಕ್ಕೆ, ಅದರ ತುದಿ ನೋಡಿ. ಈಗ... ಹವಳಕ್ಕೆ ತಾಗಿತಲ್ಲ? ಅವತ್ತು ನೀರೊಳಗೆ ನನಗೆ ಇದು ಗೊತ್ತೇ ಆಗಲಿಲ್ಲ. ರಾತ್ರಿ ಮುರುಡೇಶ್ವರದ ರೂಮಿನಲ್ಲಿ ಕೂತು, ನನ್ನ ಬಡ್ಡಿ (ನೀರೊಳಗೆ ಜೊತೆಗಿರುವ ಡೈವರ್‌ಗೆ ಹೀಗನ್ನುತ್ತಾರೆ) ಹಿಂದಿನಿಂದ ತೆಗೆದ ವಿಡಿಯೋ ನೋಡುವಾಗ ಗೊತ್ತಾಯಿತು. ಮೂರು ಸಲ ಹಿಂದೆ ಮುಂದೆ ಓಡಿಸಿ ನೋಡಿದೆ. ಹೊಟ್ಟೆಯಲ್ಲಿ ಏನೋ ಸಂಕಟ.

ಈ ಫಿನ್ ನನಗೆ ತುಂಬಾ ಇಷ್ಟ. ಫ್ರೀಡೈವಿಂಗ್, ಅಂದರೆ ಸಿಲಿಂಡರ್ ಇಲ್ಲದೆ ಉಸಿರು ಹಿಡಿದು ಆಳಕ್ಕೆ ಇಳಿಯುವುದು, ಅದನ್ನು ಕಲಿಯುವಾಗ ತಗೊಂಡದ್ದು. ಫೈಬರ್ ಗ್ಲಾಸ್ ಬ್ಲೇಡ್, ಪಾದದ ಗೂಡೂ ಸೇರಿದರೆ ಉದ್ದ ಹೆಚ್ಚುಕಡಿಮೆ 90 ಸೆಂಟಿಮೀಟರ್. ಸಿಲಿಂಡರಿನ ಗಾಳಿ ಉಸಿರಾಡುತ್ತಾ ಮುಳುಗುವ ಸ್ಕೂಬಾದ ಮಾಮೂಲಿ ಫಿನ್ 60ರ ಆಸುಪಾಸು ಇರುತ್ತದೆ. ಉಸಿರು ಬಿಗಿಹಿಡಿದು ಹಗ್ಗದ ಪಕ್ಕದಲ್ಲೇ ನೇರ ಕೆಳಗಿಳಿಯುವಾಗ ಇದರಷ್ಟು ಚಂದದ ವಸ್ತು ಇನ್ನೊಂದಿಲ್ಲ. ಸೊಂಟದಿಂದ ನಿಧಾನಕ್ಕೆ ಒಂದು ಒದೆತ ಕೊಟ್ಟರೆ ಬ್ಲೇಡ್ ಬಾಗುತ್ತದೆ, ಮತ್ತೆ ನೆಟ್ಟಗಾಗುವಾಗ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಹಾಗಾದರೆ ಸ್ಕೂಬಾಗೂ ಇದನ್ನೇ ಹಾಕಿಕೊಂಡರೆ ಆಯ್ತಲ್ವಾ ಅಂತ ಅನ್ನಿಸಿತು.

ಮುರುಡೇಶ್ವರದಿಂದ ದೋಣಿಯಲ್ಲಿ ಹೊರಟರೆ ನೇತ್ರಾಣಿ ದ್ವೀಪ ಸುಮಾರು 19 ಕಿಲೋಮೀಟರ್. ದಡದ ಶಿವನ ಮೂರ್ತಿ ಸಣ್ಣದಾಗುತ್ತಾ ಆಗುತ್ತಾ ಕೊನೆಗೆ ಕಾಣಿಸುವುದೇ ಇಲ್ಲ. ದೋಣಿಯಲ್ಲಿದ್ದ ಹುಡುಗ ನನ್ನ ಫಿನ್ ಕೈಯಲ್ಲಿ ಹಿಡಿದು ನೋಡಿ, "ಅಕ್ಕಾ, ಇದು ಚಂದ ಉಂಟು, ಆದ್ರೆ ಏಣಿ ಹತ್ತುವಾಗ ಕಷ್ಟ ಆಗ್ತದೆ" ಅಂದ. ನಾನು ಸುಮ್ನೆ ತಲೆ ಆಡಿಸಿದೆ.

ದೋಣಿಯ ಅಂಚಿನಲ್ಲಿ ಕೂತು ಹಿಂದಕ್ಕೆ ಉರುಳಿ ನೀರಿಗೆ ಬಿದ್ದೆ, ಅದೇನೂ ತೊಂದರೆ ಆಗಲಿಲ್ಲ. ನಿಂತು ಹೆಜ್ಜೆ ಹಾಕಿ ಹಾರುವುದಾಗಿದ್ದರೆ ಇಷ್ಟುದ್ದದ ಬ್ಲೇಡ್ ನೀರಿಗೆ ಬಡಿದು ಮಡಚಿಕೊಳ್ಳುವ ಭಯ ಇತ್ತು. ದ್ವೀಪದ ಮೂಲೆಯಲ್ಲಿ ಸ್ವಲ್ಪ ಸೆಳೆತ ಇತ್ತು. ಅಲ್ಲಿ ಮಾತ್ರ ಈ ಫಿನ್ ತನ್ನ ಬೆಲೆ ತೋರಿಸಿತು. ಬಡ್ಡಿ ಹತ್ತು ಸಲ ಕಾಲು ಬಡಿಯುವ ಜಾಗದಲ್ಲಿ ನನಗೆ ನಾಲ್ಕೈದು ಸಾಕಾಯಿತು. ಖುಷಿಯಾಯಿತು, ಸುಳ್ಳು ಹೇಳಲ್ಲ.

ಆದರೆ ಆ ಖುಷಿಯಲ್ಲೇ ತಪ್ಪೂ ಶುರುವಾಯಿತು. ಫ್ರೀಡೈವ್ ಮಾಡುವಾಗ ಮೈ ಈಟಿಯ ಹಾಗೆ ಇರುತ್ತದೆ. ಸ್ಕೂಬಾದಲ್ಲಿ ಬೆನ್ನ ಮೇಲೆ ಸಿಲಿಂಡರ್, ಮೈಗೆ ಜಾಕೆಟ್, ಸುತ್ತ ಪೈಪುಗಳು. ನೀರಿನಲ್ಲಿ ವೇಗ ಎರಡು ಪಟ್ಟು ಮಾಡಿದರೆ ನೀರು ತಡೆಯುವುದು ನಾಲ್ಕು ಪಟ್ಟಾಗುತ್ತದೆ. ಅಂದರೆ ಉದ್ದ ಫಿನ್ ಕೊಡುವ ಬಲವನ್ನೆಲ್ಲ ಈ ಸಾಮಾನು ಎಳೆದುಕೊಂಡು ಹೋಗುವುದಕ್ಕೇ ಸುರಿಯುತ್ತಿದ್ದೆ. ಮೀನಖಂಡ ಬಿಗಿಯಾಗತೊಡಗಿತು. ಏದುಸಿರು ಬಂತು. 10 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಮೇಲಿನದಕ್ಕಿಂತ ಎರಡು ಪಟ್ಟು ಗಾಳಿ ಖರ್ಚಾಗುತ್ತದೆ, ಅದು ನೆನಪಿರಲಿ. ಸಿಲಿಂಡರಿನಲ್ಲಿ ಉಳಿದ ಗಾಳಿಯ ಒತ್ತಡ ತೋರಿಸುವ ಗೇಜ್ ನೋಡಿದರೆ ನನ್ನದು 90 ಬಾರ್, ಬಡ್ಡಿಯದು 120. ಯಾವಾಗಲೂ ನನ್ನದೇ ಜಾಸ್ತಿ ಉಳಿಯುತ್ತಿತ್ತು.

ಆಮೇಲೆ ಬಂಡೆಗಳ ಹತ್ತಿರ ಬಂದೆವು. ಇಲ್ಲಿ ಬೇಕಾದದ್ದು ವೇಗ ಅಲ್ಲ, ನಿಲ್ಲುವುದು. ಮೊಣಕಾಲು ಮಡಚಿ, ಕಪ್ಪೆಯ ಹಾಗೆ ಸಣ್ಣಗೆ ಒದ್ದು, ಬೇಕಾದರೆ ಒಂದಡಿ ಹಿಂದೆ ಸರಿದು, ಇದ್ದ ಜಾಗದಲ್ಲೇ ತಿರುಗುವುದು. ಗಿಡ್ಡ, ಗಟ್ಟಿ ಫಿನ್‌ನಲ್ಲಿ ಇದು ಸಲೀಸು. ಉದ್ದದ್ದರಲ್ಲಿ ಕಪ್ಪೆ ಒದೆತಕ್ಕೆ ಹೋದರೆ ಎರಡು ಬ್ಲೇಡೂ ಒಂದಕ್ಕೊಂದು ತಾಗುತ್ತವೆ. ಹಿಂದೆ ಸರಿಯೋಣ ಅಂದರೆ ಬ್ಲೇಡ್ ಸುಮ್ಮನೆ ಬಾಗುತ್ತದೆ, ನೀವು ಇದ್ದಲ್ಲೇ ಇರುತ್ತೀರಿ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ನಿಮ್ಮ ಕಾಲು ಎಲ್ಲಿ ಮುಗಿಯುತ್ತದೆ ಅನ್ನುವ ಅಂದಾಜೇ ತಪ್ಪುತ್ತದೆ. ತುದಿ ಎಷ್ಟು ಮೆತ್ತಗೆ ಬಾಗುತ್ತದೆ ಅಂದರೆ ತಾಗಿದ್ದು ಪಾದಕ್ಕೆ ತಿಳಿಯುವುದೇ ಇಲ್ಲ.

ಇದೇ ಆ ಜಾಗ, ಇಲ್ಲಿ ನಿಲ್ಲಿಸುತ್ತೇನೆ. ಕಂದು ಹವಳದ ಮೇಲೆ ಬೆರಳುದ್ದದ ಬಿಳಿ ಗೀರು ಕಾಣುತ್ತಿದೆಯಾ? ಅದು ನಾನು ಮಾಡಿದ್ದು. ಇಂಥ ಗುಂಡು ಹವಳ ವರ್ಷಕ್ಕೆ ಬೆಳೆಯುವುದೇ ಸುಮಾರು ಒಂದು ಸೆಂಟಿಮೀಟರ್, ಎಷ್ಟೋ ಜಾತಿಗಳು ಅದಕ್ಕಿಂತಲೂ ಕಡಿಮೆ.

ಏಣಿಯ ವಿಷಯದಲ್ಲಿ ಆ ಹುಡುಗ ಹೇಳಿದ್ದು ನಿಜವಾಯಿತು. ಪಾದ ಪೂರ್ತಿ ಒಳಗೆ ಹೋಗುವ ಗೂಡು ಇದು, ಪಟ್ಟಿ ಎಳೆದು ಬಿಚ್ಚುವ ಹಾಗಿಲ್ಲ. ಅಲೆಯಲ್ಲಿ ಏಣಿ ಹಿಡಿದು ತೂಗಾಡುತ್ತಾ ಒಂದೊಂದೇ ಕಿತ್ತು ಮೇಲೆ ಕೊಡಬೇಕಾಯಿತು.

ಹಾಗಂತ ಯಾರೂ ಹಾಕಲೇಬಾರದು ಅಂತ ನಾನು ಹೇಳಲ್ಲ. ತಳ ದೂರ ಇರುವ ತೆರೆದ ನೀರು, ಸೆಳೆತ ಜಾಸ್ತಿ ಇರುವ ಕಡೆ, ಮೇಲ್ಮೈಯಲ್ಲಿ ದೂರ ಈಜಬೇಕಾದಾಗ ಇದು ಉಪಯೋಗಕ್ಕೆ ಬರುತ್ತದೆ, ಅದೂ ಕಾಲಿಗೆ ಅಭ್ಯಾಸ ಇದ್ದವರಿಗೆ. ಹವಳ, ಬಂಡೆ ಸಂದಿ, ಕೆಸರು ತಳ ಇದ್ದಲ್ಲಿ ಬೇಡವೇ ಬೇಡ. ಇನ್ನೊಂದು ಮಾತು, ದಯವಿಟ್ಟು ಕೇಳಿಸಿಕೊಳ್ಳಿ. ಉದ್ದ ಫಿನ್ ಕಾಲಲ್ಲೇ ಇದೆ ಅಂತ ಸ್ಕೂಬಾ ಮುಗಿಸಿದ ದಿನವೇ ಉಸಿರು ಹಿಡಿದು ಆಳಕ್ಕೆ ಇಳಿಯಬೇಡಿ. ಮೈಯಲ್ಲಿ ಇನ್ನೂ ನೈಟ್ರೋಜನ್ ಉಳಿದಿರುತ್ತದೆ, ಅಪಾಯ.

ಈಗ ಬರುವುದು ಮಾರನೇ ದಿನದ ಕ್ಲಿಪ್. ದೋಣಿಯಲ್ಲಿದ್ದ ಹಳೇ ಗಿಡ್ಡ ರಬ್ಬರ್ ಫಿನ್ ಕೇಳಿ ಹಾಕಿಕೊಂಡಿದ್ದೆ. ಬಂಡೆ ಸಂದಿಯಲ್ಲಿ ಮೊರೇ ಈಲ್, ಅದೇ ಹಾವಿನ ಹಾಗಿರುವ ಮೀನು, ತಲೆ ಹೊರಗೆ ಹಾಕಿದೆ. ಬಾಯಿ ತೆರೆದು ಮುಚ್ಚುತ್ತಿರುವುದು ಸಿಟ್ಟಿಗಲ್ಲ, ಕಿವಿರಿಗೆ ನೀರು ಹಾಯಿಸಿಕೊಂಡು ಉಸಿರಾಡುವುದೇ ಹಾಗೆ. ನಾನು ಒಂದಡಿ ಹಿಂದೆ ಸರಿದೆ, ನೋಡಿ. ಕೆಳಗಿನ ಮರಳು ಒಂದು ಚೂರೂ ಏಳಲಿಲ್ಲ. ಅದು ಒಳಗೆ ಹೋಗಲೂ ಇಲ್ಲ. ನಾಲ್ಕು ನಿಮಿಷ ಹಾಗೇ ಇದ್ದೆವು, ನಾನೂ ಅದೂ.