ಸ್ವಂತ ಮನೆಯವರನ್ನು ಕೇಳಿದ್ದೀರಾ?

ಅಯ್ಯನವರೇ, ಸಭಾ ಹಿರಿಯರೇ, ಅಕ್ಕತಂಗಿಯರೇ,

ಮುಂದಿನ ತಿಂಗಳು ನಮ್ಮ ಚರ್ಚಿನ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯ ಚುನಾವಣೆ, ಅದಕ್ಕೆ ಮೊದಲು ಬೈಬಲಿನಲ್ಲಿ ಪೌಲ ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ ಮೂರನೇ ಅಧ್ಯಾಯದ ಮೇಲೆ, ಅಂದರೆ ಸಭೆ ನಡೆಸುವವನು ಹೇಗಿರಬೇಕು ಎಂಬುದರ ಮೇಲೆ, ನಾಲ್ಕು ಮಾತು ಹೇಳಿ ಅಂತ ಸಭಾಪಾಲಕರಾದ ಅಯ್ಯನವರು ಕರೆದರು. ನಲವತ್ತು ನಿಮಿಷ ಅಂದಿದ್ದರು. ಸ್ವಾಗತ, ಹಾರ, ಪರಿಚಯ ಮುಗಿಯುವಾಗ ಇಪ್ಪತ್ತೈದು ಉಳಿದಿದೆ. ಪರಿಚಯ ಮಾಡಿದವರು ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದನ್ನು ಹೇಳಿದರು. ಇವತ್ತಿನ ವಿಷಯಕ್ಕೆ ಅದೇನೂ ಅರ್ಹತೆಯಲ್ಲ. ನಾನು ಸಭಾಪಾಲಕರ ಮಗಳು, ನನ್ನ ಅರ್ಹತೆ ಅಷ್ಟೇ.

ನನಗಾಗ ಹನ್ನೊಂದು ವರ್ಷ. ಘಟ್ಟದ ಬುಡದ ಒಂದು ಸಣ್ಣ ಸಭೆ. ಅಣ್ಣ ಎಸ್ಸೆಸ್ಸೆಲ್ಸಿ. ಒಂದು ಶನಿವಾರ ಟ್ಯೂಷನ್ ಅಂತ ಹೇಳಿ ಟಾಕೀಸಿಗೆ ಹೋಗಿ ಮ್ಯಾಟಿನಿ ನೋಡಿಬಂದ. ಮುಂದಿನ ವಾರವೇ ನಮ್ಮ ಮನೆಯ ಚಾವಡಿಯಲ್ಲಿ ಕಮಿಟಿ ಸೇರಿತು. ಇಂಟರ್‌ವಲ್‌ನಲ್ಲಿ ಹುಡುಗ ಕಡಲೆ ತಿನ್ನುತ್ತಾ ನಿಂತಿದ್ದ ಅಂತ ಸಾಕ್ಷಿ ಹೇಳಿದವರು ಸಭೆಯ ಒಬ್ಬ ಹಿರಿಯರು. ಇಂಟರ್‌ವಲ್‌ನಲ್ಲಿ ಇವರಿಗೆ ಟಾಕೀಸಿನೊಳಗೆ ಏನು ಕೆಲಸ ಮಾರಾಯ್ರೆ? ಅದನ್ನು ಯಾರೂ ಕೇಳಲಿಲ್ಲ. ಅವರು ಬೈಬಲ್ ತೆರೆದು, ಸ್ವಂತ ಮನೆಯವರನ್ನು ಆಳಲು ತಿಳಿಯದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂಬ ವಚನ ಓದಿದರು. ಅಪ್ಪ ಚಾಪೆಯ ಅಂಚಿನ ದಾರ ಕೀಳುತ್ತಾ ಕೂತಿದ್ದರು.

ಅಮ್ಮ ಪರದೆಯ ಹಿಂದೆ. ನಮ್ಮಲ್ಲಿದ್ದದ್ದು ಹನ್ನೊಂದು ಕಪ್ಪು. ಅದರಲ್ಲಿ ಒಂದಕ್ಕೆ ಹಿಡಿ ಮುರಿದಿತ್ತು, ಅದು ಯಾವಾಗಲೂ ಅಪ್ಪನಿಗೆ. ಆ ದಿನ ಅಮ್ಮ ಟ್ರೇ ಹಿಡಿದು ಹೊರಗೆ ಬಂದವರು ಆ ಕಪ್ಪನ್ನು ನೇರ ವಚನ ಓದಿದವರ ಕೈಗೇ ಕೊಟ್ಟರು. ಕುದಿಯುವ ಕಾಫಿ. ಕೆಳಗಿಡೋಣ ಅಂದರೆ ಮಡಿಲಲ್ಲಿ ಬೈಬಲ್. ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ, ಕೊನೆಗೆ ಪಂಚೆಯ ತುದಿಯಲ್ಲಿ ಹಿಡಿದುಕೊಂಡರು. ಚರ್ಚೆ ಅಲ್ಲಿಗೆ ನಿಂತಿತು. ಅಮ್ಮನ ಏಕೈಕ ಪ್ರಸಂಗ ಅದು ಅಂತ ಅಣ್ಣ ಈಗಲೂ ನಗುತ್ತಾನೆ.

ನಗಿ, ಪರವಾಗಿಲ್ಲ. ಆದರೆ ಅದೇ ಹಿರಿಯರ ಹೆಂಡತಿ ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ನಿಂತು, ತೋಳಿನ ಮೇಲೆ ಸೆರಗು ಎಳೆದುಕೊಂಡು ಅಮ್ಮನ ಜೊತೆ ಪಿಸುಗುಟ್ಟುತ್ತಾ ಅಳುತ್ತಿದ್ದದ್ದನ್ನು ನಾನು ಕಂಡಿದ್ದೇನೆ. ಆ ಸೆರಗು ಏನನ್ನು ಮುಚ್ಚುತ್ತಿತ್ತು ಅಂತ ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ. ಅವರ ಮಕ್ಕಳಿಗೆ ಮಾತ್ರ ಸಂಡೇ ಸ್ಕೂಲಿನಲ್ಲಿ ಪ್ರತಿವರ್ಷ ಮೊದಲ ಬಹುಮಾನ. ನಮ್ಮ ಲೆಕ್ಕದಲ್ಲಿ ಮನೆಯನ್ನು ಚೆನ್ನಾಗಿ ಆಳಿದವರು ಅವರೇ.

ನನ್ನ ತಕರಾರು ಅಲ್ಲೇ ಇರುವುದು. ಈ ಅಧ್ಯಾಯ ಹಿಡಿದು ನಾವು ವಿಚಾರಣೆ ಮಾಡುವುದು ಮಕ್ಕಳನ್ನು. ಆ ಮನುಷ್ಯ ಮನೆಯೊಳಗೆ ಹೇಗಿದ್ದಾನೆ ಅಂತ ಮನೆಯವರನ್ನೇ ಕೇಳಿದ್ದೀರಾ?

'ಆಳುವ' ಎಂಬ ಮಾತು ನಮ್ಮ ಕಿವಿಗೆ ರಾಜರ ಮಾತು. ಪತ್ರಿಕೆಯ ಮೂಲ ಭಾಷೆಯಾದ ಗ್ರೀಕಿನಲ್ಲಿ ಆ ಪದ ಪ್ರೊಇಸ್ತೆಮಿ. ಮುಂದೆ ನಿಂತು ನಡೆಸುವುದು ಹೌದು, ಜವಾಬ್ದಾರಿ ಹೊತ್ತು ನೋಡಿಕೊಳ್ಳುವುದೂ ಹೌದು. ಅದರ ಮುಂದಿನ ಪದ ಇನ್ನೂ ಚೆಂದ. ಸಭೆಯನ್ನು ನೋಡಿಕೊಳ್ಳುವುದಕ್ಕೆ ಪೌಲ ಬಳಸಿದ ಕ್ರಿಯಾಪದ ಇಡೀ ಹೊಸ ಒಡಂಬಡಿಕೆಯಲ್ಲಿ ಮೂರೇ ಸಲ ಬರುತ್ತದೆ. ಉಳಿದೆರಡು ಸಲ ಲೂಕನ ಹತ್ತನೇ ಅಧ್ಯಾಯದಲ್ಲಿ, ಯೇಸು ಹೇಳಿದ ಕಥೆಯಲ್ಲಿ: ದಾರಿಯಲ್ಲಿ ಗಾಯಗೊಂಡವನನ್ನು ಸಮಾರ್ಯದವನು ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿದ, ಮರುದಿನ ಹಣ ಕೊಟ್ಟು 'ಇವನನ್ನು ಆರೈಕೆ ಮಾಡು' ಅಂದ. ಇದು ಎಣ್ಣೆ, ದ್ರಾಕ್ಷಾರಸ, ಗಾಯದ ಬಟ್ಟೆಯ ಪದ. ಆಗ ಸಭೆಗಳು ಸೇರುತ್ತಿದ್ದದ್ದೂ ಮನೆಗಳಲ್ಲಿ. ಮನೆಯಲ್ಲಿ ಬಿದ್ದವರನ್ನು ಎತ್ತಲು ಗೊತ್ತಿಲ್ಲದವನು ಇಲ್ಲಿ ಯಾರನ್ನು ಎತ್ತುತ್ತಾನೆ ಅಂತ ಪೌಲ ಕೇಳುತ್ತಿರುವುದು.

ಮಕ್ಕಳ ಮಾತಿಗೆ ಬರುತ್ತೇನೆ. ಹಳೆಯ ಒಡಂಬಡಿಕೆಯ ಯಾಜಕ ಏಲಿಯ ಮಕ್ಕಳು ಹೊಫ್ನಿ, ಫೀನೆಹಾಸ್ ಕೆಟ್ಟರು, ಸರಿ, ಇದನ್ನು ಎಲ್ಲರೂ ಹೇಳುತ್ತಾರೆ. ಅದೇ ಏಲಿಯ ಕೈಯಲ್ಲಿ ಬೆಳೆದವನು ಪ್ರವಾದಿ ಸಮುವೇಲ. ಆ ಸಮುವೇಲನ ಸ್ವಂತ ಮಕ್ಕಳು ಲಂಚ ತಿಂದರು! ಗಣಿತದವಳು ನಾನು, ಇದಕ್ಕೊಂದು ಸೂತ್ರ ಬರೆಯಲು ನನ್ನಿಂದಾಗಿಲ್ಲ.

ನಮ್ಮೂರಿನದೇ ಒಂದು ಕಥೆ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. 1869ರಿಂದ 1873ರವರೆಗೆ ಇಲ್ಲಿದ್ದ ಮಿಶನರಿ ಯೊಹಾನ್ನೆಸ್ ಹೆಸ್ಸೆ. ಆರೋಗ್ಯ ಕೆಟ್ಟು ಊರಿಗೆ ಮರಳಿದ ಮೇಲೆ ಅವರು ಮದುವೆಯಾದದ್ದು ಮಲಯಾಳಂ ನಿಘಂಟಿನ ಮಿಶನರಿ ಗುಂಡರ್ಟರ ಮಗಳು ಮರೀಯನ್ನು. ತಲಶ್ಶೇರಿಯಲ್ಲಿ ಹುಟ್ಟಿದ ಈ ಮರೀಯನ್ನು ಚಿಕ್ಕವಳಿದ್ದಾಗಲೇ ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಸೇವೆಗೆ ಹಿಂದಿರುಗಿದ್ದರು. ಅಂದಿನ ಮಿಶನರಿ ಮನೆಗಳಲ್ಲಿ ಅದು ಸಾಮಾನ್ಯ. ಸಭೆಗಾಗಿ ಮನೆಯನ್ನೇ ಎರಡು ಖಂಡಗಳಿಗೆ ಹರಿದು ಹಂಚಿದ ಜನ. ಅವರನ್ನು ಹೊಗಳಬೇಕೋ ಬೇಡವೋ ನನಗಿನ್ನೂ ಗೊತ್ತಾಗಿಲ್ಲ.

ಆ ಯೊಹಾನ್ನೆಸ್, ಮರೀ ದಂಪತಿಯ ಮಗ 1892ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ಜರ್ಮನಿಯ ಮೌಲ್‌ಬ್ರೊನ್ನಿನ ಸೆಮಿನರಿಯಿಂದ ಓಡಿಹೋದ. ಮಾರ್ಚ್ ತಿಂಗಳ ಚಳಿಯಲ್ಲಿ ಒಂದು ರಾತ್ರಿ ಹೊರಗೇ ಕಳೆದ. ಆಮೇಲೆ ಆತ್ಮಹತ್ಯೆಯ ಪ್ರಯತ್ನ, ಆಸ್ಪತ್ರೆ, ತಂದೆಗೆ ಬರೆದ ಕಹಿ ಕಾಗದಗಳು. ಪೌಲ ತೀತನಿಗೆ ಬರೆದ ಪತ್ರಿಕೆಯಲ್ಲಿ ಹೇಳಿದ 'ಅಧೀನಕ್ಕೆ ಬಾರದ ಮಗ' ಅಂದರೆ ಇವನೇ. ನಮ್ಮ ಕಮಿಟಿಯಾಗಿದ್ದರೆ ತಂದೆಯ ಗತಿ ಏನು? ಆದದ್ದು ಬೇರೆ. ಮರುವರ್ಷ ಗುಂಡರ್ಟ್ ತೀರಿಕೊಂಡರು, ಕಾಲ್ವ್ ಊರಿನ ಕ್ರೈಸ್ತ ಪ್ರಕಟಣಾ ಸಂಸ್ಥೆಯ ಹೊಣೆ ಇದೇ ಯೊಹಾನ್ನೆಸ್ ಹೆಸ್ಸೆಯ ಹೆಗಲಿಗೆ ಬಂತು. ಆ ಹುಡುಗನ ಹೆಸರು ಹೆರ್ಮನ್ ಹೆಸ್ಸೆ, ಕಾದಂಬರಿಕಾರ, 1946ರ ಸಾಹಿತ್ಯದ ನೊಬೆಲ್. ಬಹುಮಾನ ಬಂದದ್ದರಿಂದ ತಂದೆ ಪಾಸಾದರು ಅಂತ ನಾನು ಹೇಳುತ್ತಿಲ್ಲ, ಯಾರಾದರೂ ಹಾಗೆ ಬರೆದುಕೊಂಡಿದ್ದರೆ ಹೊಡೆದುಹಾಕಿ. ಬಹುಮಾನ ಬರುವ ಹೊತ್ತಿಗೆ ತಂದೆ ಇರಲೂ ಇಲ್ಲ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ, ಅಂದರೆ ಐದು.

ಇದೇ ಅಧ್ಯಾಯದ ಇನ್ನೊಂದು ಷರತ್ತು 'ಏಕಪತ್ನಿಯುಳ್ಳವನು' ಬಗ್ಗೆ ಎರಡು ಪುಟ ಬರೆದು ತಂದಿದ್ದೆ, ಬಿಡುತ್ತೇನೆ. ಗ್ರೀಕಿನಲ್ಲಿ ಅದು 'ಒಂದು ಹೆಣ್ಣಿನ ಗಂಡು', ಅಷ್ಟೇ. ಹೆಂಡತಿ ತೀರಿಕೊಂಡವರು ಮತ್ತೆ ಮದುವೆಯಾಗಬಾರದು ಅಂತ ಇದನ್ನು ಓದಿದ ಸಭೆಗಳಿವೆ. ಹಾಗೆ ಓದಿದರೆ ನಮ್ಮ ಕಿಟ್ಟೆಲ್ ಅಯ್ಯನವರೂ ಹೊರಗೆ, ಅವರೂ ಮೊದಲ ಹೆಂಡತಿ ತೀರಿಕೊಂಡ ಮೇಲೆ ಮತ್ತೆ ಮದುವೆಯಾದವರು. ಅವಿವಾಹಿತರು ಬೇಡ ಅಂದರೆ ಪತ್ರಿಕೆ ಬರೆದ ಪೌಲನೇ ಹೊರಗೆ. 2013ರಲ್ಲಿ ನಮ್ಮ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ, ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪ್ ಮಾಡಿತು. ಅಕ್ಷರಕ್ಕೆ ಅಂಟಿಕೊಂಡವರು ಈಗ ಆ ತಾಯಿಗೊಂದು ಹೆಂಡತಿ ಹುಡುಕಬೇಕು.

ಮೂರನೆಯ ಅಂಶ ಹಣದ ಆಸೆ. ಅದು ಊಟದ ಮೇಲೆ ಖಜಾಂಚಿಗಳು ಹೇಳಲಿ.

ನಾಮಪತ್ರದ ಫಾರಂ ನೋಡಿದೆ. ಸೂಚಕರ ಸಹಿ, ಅನುಮೋದಕರ ಸಹಿ, ಅಯ್ಯನವರ ಸಹಿ ಇದೆ. ಹೆಂಡತಿಯ ಸಹಿಗೂ ಒಂದು ಗೆರೆ ಎಳೆಯಿರಿ ಅಂತ ನಾನು ಕೇಳಿಕೊಂಡರೆ, ಬಲವಂತದಿಂದ ಹಾಕಿಸಿಕೊಳ್ಳುತ್ತಾರೆ ಅಂತ ನಮ್ಮ ಅಣ್ಣನೇ ಹೇಳಿದ. ಅವನ ಮಾತೂ ಸರಿ. ಹಾಗಾದರೆ ನಾಮಪತ್ರ ಹಾಕಿದವರ ಮನೆಗೆ ಅಯ್ಯನವರ ಮನೆಯ ಅಮ್ಮನವರು, ಸ್ತ್ರೀ ಸಂಘದ ಇಬ್ಬರು ಹೋಗಲಿ. ಚಾವಡಿಯಲ್ಲಿ ಕೂರುವುದು ಬೇಡ, ನೇರ ಒಳಗೆ ಹೋಗಿ ಒಲೆಯ ಹತ್ತಿರ ಕೂತು ಮಾತಾಡಲಿ.

ಇಷ್ಟು ಹೊತ್ತು ನಾನು ಯಾರ ಬಗ್ಗೆ ಮಾತಾಡಿದೆನೋ ಅವರಲ್ಲಿ ಅರ್ಧ ಜನ ಈಗ ಹಿಂದಿನ ಶೆಡ್ಡಿನಲ್ಲಿ ನಿಮಗೆ ಬಡಿಸಲು ಎಲೆ ತೊಳೆಯುತ್ತಿದ್ದಾರೆ. ಮೈಕಿನ ಒಂದು ಪೆಟ್ಟಿಗೆ ಆ ಕಡೆ ತಿರುಗಿಸಿ ಅಂತ ಬೆಳಿಗ್ಗೆಯೇ ಹೇಳಿದ್ದೆ. ತಿರುಗಿಸಿದ್ದಾರಾ? ಇಲ್ಲವಾ? ಸರಿ, ನಾನೇ ಆ ಕಡೆ ಹೋಗುತ್ತೇನೆ. ನಮಸ್ಕಾರ.