ನೀರು ಕುಡಿಯುವ ಬಟ್ಟಲು

ಎಲ್ಲರಿಗೂ ನಮಸ್ಕಾರ.

ಜಪಾನಿನ ಕುಂಬಾರರು ಕೈಯಲ್ಲಿ ಮಾಡಿದ ತಟ್ಟೆ, ಬಟ್ಟಲು ಕೊಂಡವರು ಹೆಚ್ಚಾಗಿ ಅವನ್ನು ಗಾಜಿನ ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಒಡೆದೀತು ಅನ್ನುವ ಭಯ, ಅಲ್ವಾ? ಆದರೆ ಅವು ಉಣ್ಣುವುದಕ್ಕೆ ಮಾಡಿದವು. ಬಳಸುವವರು ಒಂದು ಪ್ರಶ್ನೆ ಕೇಳಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು: ಈ ಬಟ್ಟಲು ನೀರು ಕುಡಿಯುತ್ತದೆಯೋ ಇಲ್ಲವೋ?

ಬಟ್ಟಲನ್ನು ಮಗುಚಿ ನೋಡಿ. ತಳದ ಉಂಗುರಕ್ಕೆ ಸಾಮಾನ್ಯವಾಗಿ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಹಚ್ಚಿರುವುದಿಲ್ಲ. ಅಲ್ಲಿ ಒಂದು ಹನಿ ನೀರು ಬಿಡಿ. ಹನಿ ಹಾಗೇ ನಿಂತರೆ ಪಿಂಗಾಣಿ, ಇಲ್ಲವೇ ಚೆನ್ನಾಗಿ ಬೆಂದ ಗಟ್ಟಿ ಮಣ್ಣು. ಇಂಗಿಹೋದರೆ ಅದು ನೀರು ಕುಡಿಯುವ ಜಾತಿ.

ಪಿಂಗಾಣಿಯ ಊರು ಕ್ಯೂಶೂ ದ್ವೀಪದ ಅರಿತಾ. 1616ರಲ್ಲಿ ಯಿ ಸಾಮ್-ಪ್ಯೋಂಗ್ ಎಂಬ ಕೊರಿಯಾದ ಕುಂಬಾರ ಅಲ್ಲಿ ಜಪಾನಿನ ಮೊದಲ ಪಿಂಗಾಣಿ ಮಾಡಿದ ಅನ್ನುವುದು ಊರಿನವರ ನಂಬಿಕೆ. 1592ರಿಂದ 1598ರವರೆಗೆ ಜಪಾನ್ ಕೊರಿಯಾದ ಮೇಲೆ ದಂಡೆತ್ತಿ ಹೋದಾಗ ಅನೇಕ ಕುಂಬಾರರನ್ನು ಹೊತ್ತು ತಂದಿತ್ತು. ಹಾಗಿ ಎಂಬ ಊರಿನ ಮಣ್ಣಿನ ಪಾತ್ರೆಗಳನ್ನು ಶುರು ಮಾಡಿದವರೂ ಕೊರಿಯಾದವರೇ. ಜಪಾನಿನ ಸೊಬಗು ಎಂದು ಹೊಗಳುವಾಗ ಈ ಮಾತು ನಮ್ಮ ನಾಲಗೆಗೆ ಬರುವುದೇ ಇಲ್ಲ.

ಅರಿತಾ ತಟ್ಟೆಗೆ ವಿಶೇಷ ಆರೈಕೆ ಬೇಡ. ಸಾರು, ಹುಳಿ ಏನು ಬೇಕಾದರೂ ಬಡಿಸಿ. ಚಿನ್ನದ ಗೆರೆ ಇದ್ದರೆ ಮಾತ್ರ ಮೈಕ್ರೋವೇವ್‌ಗೆ ಇಡಬೇಡಿ.

ಈಗ ನೀರು ಕುಡಿಯುವವು. ಹಾಗಿಯ ಮಣ್ಣು ಮೆತ್ತನೆಯದು, ಗ್ಲೇಜ್ ತುಂಬ ಕೂದಲೆಳೆಯ ಬಿರುಕು. ಚಹಾ ಅದರೊಳಗೆ ಇಳಿದು ವರ್ಷಗಳಲ್ಲಿ ಬಟ್ಟಲಿನ ಬಣ್ಣವೇ ಬೇರೆಯಾಗುತ್ತದೆ. ಚಹಾಪ್ರಿಯರು ಇದಕ್ಕಾಗಿಯೇ ಅದನ್ನು ಕೊಳ್ಳುತ್ತಾರೆ. ಆದರೆ ಚಹಾ ಇಳಿಯುವ ದಾರಿಯಲ್ಲೇ ಅರಿಶಿನವೂ ಎಣ್ಣೆಯೂ ಇಳಿಯುತ್ತವೆ! ಹಾಗಾಗಿ ನಮ್ಮ ಅಡುಗೆಯಲ್ಲಿ ಅದಕ್ಕೆ ಹೊಂದುವುದು ಮೊಸರನ್ನ, ಹೆಚ್ಚಿದ ಹಣ್ಣು, ಒಗ್ಗರಣೆ ಹಾಕದ ಕೋಸಂಬರಿ.

ಊಟಕ್ಕೆ ಬಳಸುವ ಮಣ್ಣಿನ ಪಾತ್ರೆಯನ್ನು ಮೊದಲು ಪಳಗಿಸಬೇಕು. ಜಪಾನಿನ ಮನೆಗಳಲ್ಲಿ ಮಾಡುವುದು ಹೀಗೆ: ಪಾತ್ರೆ ಮುಳುಗುವಷ್ಟು ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು, ತಣ್ಣಗಿರುವಾಗಲೇ ಒಲೆಗಿಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸುತ್ತಾರೆ. ಆ ನೀರಿನಲ್ಲೇ ಪೂರ್ತಿ ಆರಲು ಬಿಡುತ್ತಾರೆ. ಅಕ್ಕಿಯ ಪಿಷ್ಟ ಸಣ್ಣ ರಂಧ್ರಗಳನ್ನು ತುಂಬುತ್ತದೆ. ಬಿಸಿ ಪಾತ್ರೆಯನ್ನು ಅವಸರದಲ್ಲಿ ತಣ್ಣೀರಿಗೆ ಹಾಕಿದರೆ ಬಿರುಕು ಬಿಡಬಹುದು.

ಆಮೇಲೆ ಪ್ರತಿ ಸಲ ಬಡಿಸುವ ಮುಂಚೆ ಸ್ವಲ್ಪ ಹೊತ್ತು ನೀರಿನಲ್ಲಿಟ್ಟು ಒರೆಸಿ. ಮೊದಲೇ ನೀರು ಕುಡಿದ ಮಣ್ಣು ಸಾರನ್ನು ಅಷ್ಟಾಗಿ ಎಳೆದುಕೊಳ್ಳುವುದಿಲ್ಲ. ಉಂಡ ಕೂಡಲೇ ತೊಳೆದು, ಮಗುಚಿ, ತಳ ಪೂರ್ತಿ ಒಣಗಿದ ಮೇಲೆ ಎತ್ತಿಡಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಹಾಗೇ ಒಂದರ ಮೇಲೊಂದು ಪೇರಿಸಿದರೆ ಬೂಷ್ಟು ಹಿಡಿಯುವುದು ಖಂಡಿತ. ಒರಟು ತಳ ಮೇಜನ್ನು ಗೀರುತ್ತಿದ್ದರೆ ನಯವಾದ ಉಪ್ಪುಕಾಗದದಿಂದ ಉಜ್ಜಿ.

ಅಡುಗೆ ಮಾಡುವ ಮಡಕೆ ದೊನಾಬೆಯದ್ದೂ ಇದೇ ಕಥೆ. ಹೆಸರಾದದ್ದು ಇಗಾ ಊರಿನದು. ಅಲ್ಲಿಯ ಮಣ್ಣು ಹಿಂದೊಮ್ಮೆ ಬೀವಾ ಸರೋವರದ ತಳವಾಗಿತ್ತು. ಅದರಲ್ಲಿ ಹೂತಿದ್ದ ಗಿಡಗಂಟಿ ಸುಡುವಾಗ ಉರಿದುಹೋಗಿ ತೂತುಗಳು ಉಳಿಯುತ್ತವೆ. ಅದಕ್ಕೇ ಮಡಕೆ ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ಆ ತೂತುಗಳನ್ನು ಪಿಷ್ಟ ತುಂಬಲಿ ಎಂದು ಮೊದಲ ಅಡುಗೆ ಗಂಜಿಯೇ ಆಗಬೇಕು. ತಳ ಒದ್ದೆ ಇರುವಾಗ ಮಾತ್ರ ಒಲೆಗೆ ಇಡಬೇಡಿ.

ಇನ್ನು ಉಣ್ಣುವ ರೀತಿ. ಜಪಾನಿನಲ್ಲಿ ಅನ್ನದ ಬಟ್ಟಲನ್ನು ಕೈಯಲ್ಲಿ ಎತ್ತಿ ಹಿಡಿದೇ ಉಣ್ಣುತ್ತಾರೆ. ತಳದ ಉಂಗುರ ಇರುವುದರಿಂದ ಬಿಸಿ ತಾಗದೆ ಹಿಡಿಯಬಹುದು. ಆದ್ದರಿಂದ ಕೊಳ್ಳುವಾಗ ಸುಮ್ನೆ ಕಣ್ಣಲ್ಲಿ ನೋಡಿ ಬರಬೇಡಿ. ಎತ್ತಿ ತೂಕ ನೋಡಿ, ತುಟಿ ತಾಗುವ ಅಂಚನ್ನು ಬೆರಳಲ್ಲಿ ಸವರಿ. ಇಡೀ ಸೆಟ್ ಒಂದೇ ಥರ ಇರಬೇಕು ಅನ್ನುವ ಹಟವನ್ನೂ ಬಿಡಿ. ಜಪಾನಿನ ಊಟದಲ್ಲಿ ಬೇರೆ ಬೇರೆ ಊರಿನ, ಬೇರೆ ಬೇರೆ ಬಣ್ಣದ ಪಾತ್ರೆಗಳು ಒಟ್ಟಿಗೆ ಕೂರುತ್ತವೆ.

ಒಡೆದರೆ? ಕಿಂತ್ಸುಗಿ ಬಗ್ಗೆ ಕೇಳಿರುತ್ತೀರಿ. ಉರುಶಿ ಮರದ ಅಂಟಿನಿಂದ ಚೂರು ಜೋಡಿಸಿ, ಮೇಲೆ ಚಿನ್ನದ ಪುಡಿ ಉದುರಿಸುವ ಕೆಲಸ. ಆ ಅಂಟು ಗಟ್ಟಿಯಾಗಲು ತೇವದ ಗಾಳಿ ಬೇಕು, ಎಲ್ಲ ಮುಗಿಯಲು ವಾರಗಟ್ಟಲೆ ಹಿಡಿಯುತ್ತದೆ. ಹಸಿ ಇರುವಾಗ ಮುಟ್ಟಿದರೆ ಮೈ ತುರಿಸಿ ಗುಳ್ಳೆ ಏಳಬಹುದು, ಕೈಗವಸು ಹಾಕಿಕೊಳ್ಳಿ. ಒಂದೇ ದಿನದಲ್ಲಿ ಮುಗಿಯುತ್ತದೆ ಎಂದು ಮಾರುವ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎಪಾಕ್ಸಿ ಎಂಬ ರಾಸಾಯನಿಕ ಅಂಟು ಮತ್ತು ಚಿನ್ನದ ಬಣ್ಣದ ಪುಡಿ. ಅದರಲ್ಲಿ ಜೋಡಿಸಿದ ಬಟ್ಟಲಲ್ಲಿ ಉಣ್ಣಬೇಡಿ, ಬೇಕಾದರೆ ಬೀಗದ ಕೈಗಳನ್ನು ಹಾಕಿಡಲು ಬಳಸಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.